ದರಗಿನ ತಿಂಗಳು

ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಕಡೆ ಮನೆ ಇರುವ ನಮ್ಮಂಥವರಿಗೆ ಸಂಕ್ರಾಂತಿ ಕಳೆಯಿತೆಂದರೆ ದರಗಿನ ತಿಂಗಳು ಶುರುವಾಯಿತೆಂದೇ ಲೆಕ್ಕ. ಅಡಿಕೆ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಸೊಪ್ಪಿನ ಬೆಟ್ಟದ ಮರಗಳು ಎಲೆ ಉದುರಿಸಿರುತ್ತವೆ, ಮಳೆಗಾಲದುದ್ದಕ್ಕೂ ದನದ ಕಾಲಡಿಗೆ ಹಾಸಲು ಬೇಕಾಗುವ ಒಣ ಎಲೆಯನ್ನು, ಅಂದರೆ ದರಗನ್ನು, ಆಗಲೇ ಗುಡಿಸಿ, ಹಗ್ಗದ ಕಲ್ಲಿಯಲ್ಲಿ ತುಂಬಿ ತಂದು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಒಟ್ಟಿಕೊಳ್ಳಬೇಕಾಗುತ್ತದೆ. ತಡ ಮಾಡಿದರೆ ಕಾಡಿನ ಬೆಂಕಿ, ಇನ್ನೂ ತಡ ಮಾಡಿದರೆ ಬೇಸಿಗೆಯ ಮಳೆ. ದರಗು ಇಲ್ಲದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ಆದರೆ ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳ ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆ ಆರೋಗ್ಯ ಇಲಾಖೆ ಹಂಚುವ ಕರಪತ್ರದಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವುದನ್ನು ಆದಷ್ಟು ತಪ್ಪಿಸಬೇಕೆಂದು ಅಚ್ಚಾಗಿರುತ್ತದೆ. ಆ ಕರಪತ್ರ ಪ್ರತಿ ವರ್ಷ ನಮ್ಮ ಮನೆಗೆ ಬರುತ್ತದೆ, ನಾನು ಅದನ್ನು ಓದಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತೇನೆ, ಆಮೇಲೆ ಕಲ್ಲಿ ಹಿಡಿದು ಬೆಟ್ಟಕ್ಕೆ ಹೋಗುತ್ತೇನೆ.

2019ರ ಫೆಬ್ರವರಿಯಲ್ಲಿಯೂ ಹಾಗೆಯೇ ಹೋದೆ. ಆ ವರ್ಷ ತಿಳಿಯದೆ ಹೋದೆನೆಂದು ಹೇಳುವಂತಿಲ್ಲ. ಹಿಂದಿನ ಡಿಸೆಂಬರಿನಿಂದಲೇ ಅರಳಗೋಡು ಕಡೆಯಿಂದ ಮಂಗ ಸತ್ತ ಸುದ್ದಿ, ಜ್ವರದ ಸುದ್ದಿ, ಆಮೇಲೆ ಸಾವಿನ ಸುದ್ದಿ ಒಂದರ ಹಿಂದೊಂದು ಬರುತ್ತಿದ್ದವು. ಆಶಾ ಕಾರ್ಯಕರ್ತೆ ಮನೆಗೆ ಬಂದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆಯ ಬಾಟಲಿ ಕೊಟ್ಟು ಹೋಗಿದ್ದಳು. ಒಂದು ವಾರ ಬಿಟ್ಟು ಬಂದವಳು ಅಟ್ಟದ ಮೇಲಿದ್ದ ಬಾಟಲಿಯನ್ನು ನೋಡಿ, "ಅಕ್ಕಾ, ಎಣ್ಣೆ ನೋಡಕ್ಕೆ ಕೊಟ್ಟಿದ್ದಲ್ಲ, ಹಚ್ಕಳಕ್ಕೆ ಕೊಟ್ಟಿದ್ದು" ಎಂದು ನಗುತ್ತಲೇ ಬೈದಿದ್ದಳು. ಅವಳೆದುರು ತಲೆಯಾಡಿಸಿದೆ. ಆ ಎಣ್ಣೆ ಹಚ್ಚಿಕೊಂಡರೆ ಮೈಯೆಲ್ಲ ಅಂಟಂಟಾಗಿ, ಬೆವರಿನ ಜೊತೆ ಎಲೆಯ ಹುಡಿಯೆಲ್ಲ ಕೈಗೆ ಮೆತ್ತಿಕೊಳ್ಳುತ್ತದೆ. ಸೆಕೆಯಲ್ಲಿ ದರಗು ಗುಡಿಸಿದವರಿಗೆ ಈ ಮಾತು ಅರ್ಥವಾಗುತ್ತದೆ.

ಆ ದಿನ ನಾನು ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಬೆಳಿಗ್ಗೆ ಎಂಟಕ್ಕೆ ಹೋದವರು ಮಧ್ಯಾಹ್ನದವರೆಗೆ ಗುಡಿಸಿದೆವು. ಗುಡಿಸುವುದೆಂದರೆ ಬಗ್ಗಿ, ಎಲೆಯನ್ನು ತೋಳಿನಲ್ಲಿ ತಬ್ಬಿ, ಎದೆಗೆ ಆನಿಸಿಕೊಂಡು ಕಲ್ಲಿಗೆ ತುಂಬಿ, ಕಾಲಿನಿಂದ ತುಳಿದು, ಮತ್ತೆ ತಬ್ಬುವ ಕೆಲಸ. ಮನೆಗೆ ಬಂದು ಸ್ನಾನಕ್ಕೆ ಹೋದಾಗ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ತುರಿಕೆ. ಬೆರಳು ಆಡಿಸಿದರೆ ಎಳ್ಳಿನ ಕಾಳಿಗಿಂತ ಸಣ್ಣದೊಂದು ಗಂಟು ಸಿಕ್ಕಿತು. ಮಚ್ಚೆಯೆಂದುಕೊಳ್ಳುವಷ್ಟು ಕಂದು ಬಣ್ಣ, ಆದರೆ ಉಗುರಿನಿಂದ ಎಬ್ಬಿಸಿದಾಗ ಅಂಚಿನಲ್ಲಿ ಕಾಲುಗಳು ಅಲುಗಾಡಿದವು. ಕಿತ್ತು ಬಚ್ಚಲ ಒಲೆಗೆ ಹಾಕಿದೆ. ನಮ್ಮಲ್ಲಿ ಉಣುಗು ಕಚ್ಚುವುದು ಸೊಳ್ಳೆ ಕಚ್ಚಿದಷ್ಟೇ ಸಾಮಾನ್ಯವಾದ ಸಂಗತಿಯಾದ್ದರಿಂದ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆರನೆಯ ದಿನ ಸಂಜೆ ದನಕ್ಕೆ ಅಕ್ಕಚ್ಚು ಕೊಡುತ್ತಿದ್ದಾಗ ಚಳಿ ಹಿಡಿಯಿತು. ಈ ಜ್ವರ ಮೆಲ್ಲಗೆ ಏರಿ ಬರುವುದಿಲ್ಲ. ಐದು ಗಂಟೆಗೆ ಸರಿಯಾಗಿಯೇ ಇದ್ದವಳು ಏಳು ಗಂಟೆಗೆ ಎರಡು ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತಿದ್ದೆ. ಹಣೆಯ ಮುಂಭಾಗ ಒಡೆದು ಹೋಗುವಂಥ ತಲೆನೋವು, ಕುತ್ತಿಗೆ ಮತ್ತು ಸೊಂಟದಲ್ಲಿ ಯಾರೋ ಒನಕೆಯಿಂದ ಕುಟ್ಟಿದಂಥ ನೋವು, ಮೀನಖಂಡ ಮುಟ್ಟಿದರೆ ಕಿರುಚುವಂತಾಗುತ್ತಿತ್ತು. ಮರುದಿನ ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರವೆಂದು ಹೇಳಿ ನೋವಿನ ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಬೆಟ್ಟಕ್ಕೆ ಹೋಗಿದ್ದಿರಾ ಎಂದು ಅವರು ಕೇಳಲಿಲ್ಲ, ಹೋಗಿದ್ದೆನೆಂದು ನಾನೂ ಹೇಳಲಿಲ್ಲ. ರಕ್ತಸ್ರಾವವಾಗುವ ಸಂಭವವಿರುವ ಈ ಜ್ವರದಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಔಷಧಗಳನ್ನು ಕೊಡಬಾರದೆಂಬುದು ನನಗೆ ಗೊತ್ತಾದದ್ದು ಆಮೇಲೆ.

ಮೂರನೆಯ ದಿನ ಕಣ್ಣು ಕೆಂಡದ ಹಾಗಾಗಿತ್ತು, ಗಂಜಿಯೂ ನಿಲ್ಲದೆ ವಾಂತಿಯಾಗುತ್ತಿತ್ತು. ವಿಷಯ ತಿಳಿದು ಬಂದ ಆಶಾ ಕಾರ್ಯಕರ್ತೆ ಬಾಗಿಲಲ್ಲೇ ನಿಂತು ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ದರಗಿಗೆ ಹೋಗಿದ್ರಾ?" ಅವಳೇ ಫೋನು ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ವೈದ್ಯಾಧಿಕಾರಿ ಬಾಯಿ ತೆರೆಸಿ ಟಾರ್ಚ್ ಬಿಟ್ಟು ಅಂಗುಳಿನ ಹಿಂಭಾಗವನ್ನು ಬಹಳ ಹೊತ್ತು ನೋಡಿದರು. ಈ ಕಾಯಿಲೆಯವರಲ್ಲಿ ಅನೇಕರಿಗೆ ಮೆತ್ತನೆಯ ಅಂಗುಳಿನ ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ, ನನಗೂ ಎದ್ದಿದ್ದವು. ಜ್ವರ ಬಂದು ನಾಲ್ಕೈದು ದಿನದೊಳಗಾದರೆ ರಕ್ತದಲ್ಲಿ ವೈರಸ್ಸೇ ಇರುವುದರಿಂದ ಅದನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಹುಡುಕುತ್ತಾರೆ, ದಿನ ಕಳೆದ ಮೇಲಾದರೆ ದೇಹ ತಯಾರಿಸಿದ ಪ್ರತಿಕಾಯವನ್ನು ನೋಡುತ್ತಾರೆ ಎಂದು ರಕ್ತ ತೆಗೆಯುತ್ತಿದ್ದ ಹುಡುಗ ವಿವರಿಸಿದ. ಮಾದರಿ ಐಸ್ ಡಬ್ಬಿಯಲ್ಲಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಯಿತು, ನಾನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಹೋದೆ. ಫಲಿತಾಂಶ ಬಂದಾಗ ನನ್ನ ಪ್ಲೇಟ್‌ಲೆಟ್ 48 ಸಾವಿರಕ್ಕೆ ಇಳಿದಿತ್ತು, ಬಿಳಿ ರಕ್ತಕಣ 2 ಸಾವಿರದ ಹತ್ತಿರವಿತ್ತು, ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರುತ್ತಿತ್ತು. ಪಾಸಿಟಿವ್.

ಈ ವೈರಸ್ಸಿಗೆಂದೇ ಔಷಧ ಇಲ್ಲ. ಡ್ರಿಪ್ ಹಾಕುತ್ತಾರೆ, ಜ್ವರ ಇಳಿಸುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ರಕ್ತ ಎಲ್ಲಿಂದಾದರೂ ಹೋಗುತ್ತಿದೆಯೇ ಎಂದು ದಿನಕ್ಕೆ ಎರಡು ಸಲ ಕೇಳುತ್ತಾರೆ. ಉಳಿದದ್ದನ್ನು ದೇಹವೇ ಮಾಡಿಕೊಳ್ಳಬೇಕು. ಇದರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆಂಬ ಅಂಕಿಯನ್ನು ಕರಪತ್ರದಲ್ಲಿ ಎಷ್ಟೋ ಸಲ ಓದಿದ್ದೆ. ಆಗೆಲ್ಲ ಅದು ಬಹಳ ಸಣ್ಣ ಸಂಖ್ಯೆಯೆಂದು ತೋರುತ್ತಿತ್ತು. ವಾರ್ಡಿನಲ್ಲಿ ಮಲಗಿ ಆಚೀಚೆಯ ಮಂಚಗಳನ್ನು ಎಣಿಸುವಾಗ ಹಾಗೆ ತೋರಲಿಲ್ಲ.

ಲಸಿಕೆ ಹಾಕಿಸಿಕೊಂಡಿರಲಿಲ್ಲವೇ ಎಂದು ಎಲ್ಲರೂ ಕೇಳಿದರು. ಮೂರು ವರ್ಷದ ಹಿಂದೆ ಎರಡು ಡೋಸ್ ಹಾಕಿಸಿಕೊಂಡಿದ್ದೆ. ಆಮೇಲೆ ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ನಂತರ ವರ್ಷಕ್ಕೊಂದರಂತೆ ಐದು ವರ್ಷ ಎಂಬುದು ಕ್ರಮವಾಗಿತ್ತು. ಆದರೆ ಆ ಇಂಜೆಕ್ಷನ್ ಹಾಕಿದ ತೋಳು ಎರಡು ದಿನ ಎತ್ತಲು ಬಾರದಷ್ಟು ನೋಯುತ್ತಿತ್ತು, ಬೂಸ್ಟರಿನ ದಿನ ಮನೆಯಲ್ಲಿ ಅಡಿಕೆ ಸುಲಿಯುವವರು ಬಂದಿದ್ದರು, ನಾನು ಹೋಗಲಿಲ್ಲ. 2005ರಿಂದ 2010ರವರೆಗಿನ ಪ್ರಕರಣಗಳನ್ನು ನೋಡಿದ ಒಂದು ಅಧ್ಯಯನದಲ್ಲಿ ಎರಡು ಡೋಸಿನಿಂದ ಸುಮಾರು 62%, ಬೂಸ್ಟರ್ ಕೂಡ ಆದವರಿಗೆ ಸುಮಾರು 83% ರಕ್ಷಣೆ ಕಂಡುಬಂದಿತ್ತು. ಮುಂದೆ ಅದರ ಪರಿಣಾಮದ ಬಗ್ಗೆಯೇ ಪ್ರಶ್ನೆಗಳೆದ್ದು ಈಗ ಆ ಲಸಿಕೆಯನ್ನು ಕೊಡುತ್ತಿಲ್ಲ. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ನಡೆಸುತ್ತಿವೆ. ಬರಲಿ, ತೋಳು ನೋಯ್ದರೂ ಈ ಸಲ ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ.

ಒಂಬತ್ತು ದಿನಕ್ಕೆ ಜ್ವರ ಬಿಟ್ಟು ಮನೆಗೆ ಬಂದೆ. ಹೊರಡುವಾಗ ವೈದ್ಯರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಗುಣವಾಯಿತೆಂದು ತಿಳಿಯಬೇಡಿ, ಹತ್ತರಲ್ಲಿ ಒಬ್ಬಿಬ್ಬರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರಳುತ್ತದೆ, ಆಗ ಅದು ಮಿದುಳಿನ ಕಡೆ ಹೋಗಬಹುದು, ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತಪ್ಪುವುದು ಏನೇ ಕಂಡರೂ ಕೂಡಲೇ ಕರೆತನ್ನಿ ಎಂದು ಹೇಳಿದ್ದರು. ಅವರು ಮೆಲ್ಲಗೆ ಹೇಳಿದರೂ ನನಗೆ ಕೇಳಿಸಿತ್ತು. ಇಡೀ ಕಾಯಿಲೆಯಲ್ಲಿ ಜ್ವರದ ದಿನಗಳಿಗಿಂತ ಜ್ವರವಿಲ್ಲದ ಈ ದಿನಗಳೇ ಹೆಚ್ಚು ಕಷ್ಟದವು ಎಂಬುದು ನನ್ನ ಅನುಭವ, ಏಕೆಂದರೆ ಜ್ವರದಲ್ಲಿ ಯೋಚಿಸುವ ಶಕ್ತಿಯೇ ಇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೊಸಲ ಮುಂದೆ ಕುಳಿತು ರಂಗೋಲಿ ಎಳೆಯುತ್ತಿದ್ದೆ; ಹಬ್ಬವಲ್ಲದ ದಿನಗಳಲ್ಲಿ ನಾಲ್ಕು ಗೆರೆಗೆ ಮುಗಿಸುವವಳು ಏಳು ಚುಕ್ಕಿ ಇಟ್ಟು ಸುತ್ತುವುದನ್ನು ನೋಡಿ ಅತ್ತೆ ಅಚ್ಚರಿಪಟ್ಟರು. ಎಳೆ ನೆಟ್ಟಗೆ ಬರುತ್ತದೆಯೇ ಎಂಬುದಷ್ಟೇ ನನಗೆ ಬೇಕಾಗಿತ್ತು. ಎಂಟು ದಿನ ನೆಟ್ಟಗೆ ಬಂತು. ಒಂಬತ್ತನೆಯ ದಿನ ಹುಡಿ ಚುಕ್ಕಿಯ ಪಕ್ಕಕ್ಕೆ ಬಿತ್ತು, ಮತ್ತೊಮ್ಮೆ ಎಳೆದರೆ ಗೆರೆ ಗರಗಸದ ಹಲ್ಲಿನಂತೆ ಬಂತು. ಸಂಜೆಯೊಳಗೆ ಜ್ವರ ಬಂದಿತ್ತು.

ಎರಡನೆಯ ಸುತ್ತಿನ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಐದು ದಿನ ಆಸ್ಪತ್ರೆಯಲ್ಲಿದ್ದೆ, ಮಗಳ ಹೆಸರು ಹಿಡಿದು ನಾದಿನಿಯನ್ನು ಕರೆದೆನಂತೆ, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಹೇಗೋ ಅದೂ ಇಳಿಯಿತು. ಕೈ ನಡುಕ ಪೂರ್ತಿ ನಿಂತದ್ದು ಯುಗಾದಿ ಕಳೆದ ಮೇಲೆ, ಕೊಟ್ಟಿಗೆಯಿಂದ ಬಾವಿಕಟ್ಟೆಯವರೆಗೆ ನಡುವೆ ಕೂರದೆ ನಡೆದದ್ದು ಮಳೆ ಹಿಡಿದ ಮೇಲೆ.

ಮನೆಗೆ ಬಂದ ನೆಂಟರು ದೂರದ ಬೆಂಚಿನಲ್ಲಿ ಕುಳಿತು ಹೋಗುತ್ತಿದ್ದರು. ಅತ್ತೆ ನನ್ನ ತಟ್ಟೆ ಲೋಟವನ್ನು ಬೇರೆ ಇಟ್ಟಿದ್ದರು. ಅವರಿಗೆ ಬೇಸರವಾಗದ ಹಾಗೆ ಆಶಾ ಕಾರ್ಯಕರ್ತೆಯೇ ತಿಳಿಸಿ ಹೇಳಿದಳು: ಈ ವೈರಸ್ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮೊಳಗೆ ಬಂದದ್ದು ನಮ್ಮಲ್ಲೇ ಮುಗಿಯುತ್ತದೆ, ನಮ್ಮಿಂದ ಮುಂದಕ್ಕೆ ಅದಕ್ಕೆ ದಾರಿಯಿಲ್ಲ. ಮಂಗನ ಕಾಯಿಲೆ ಎಂಬ ಹೆಸರೂ ದಾರಿ ತಪ್ಪಿಸುವಂಥದ್ದು. ಬಾಳೆಗೊನೆಯನ್ನೂ ಏಲಕ್ಕಿಯನ್ನೂ ಬಿಡದ ಮಂಗಗಳ ಮೇಲೆ ಮಲೆನಾಡಿನವರಿಗೆ ಮೊದಲೇ ಸಿಟ್ಟು, ಅದಕ್ಕೆ ಈ ಹೆಸರು ಇನ್ನಷ್ಟು ತುಪ್ಪ ಸುರಿಯುತ್ತದೆ. ಕೆಂಪು ಮಂಗವೂ ಮುಸಿಯವೂ ನಮ್ಮ ಹಾಗೆಯೇ ಉಣುಗಿನಿಂದ ಕಚ್ಚಿಸಿಕೊಂಡು, ನಮ್ಮಂತೆ ಡ್ರಿಪ್ ಇಲ್ಲದೆ ಸಾಯುವ ಜೀವಿಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದುದನ್ನು ನೋಡಿಯೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇಲ್ಲಿಗೆ ಬಂದದ್ದು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಭಯದಿಂದ ಹುಡುಕಿದವರಿಗೆ ಸಿಕ್ಕಿದ್ದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ಹೊಸ ವೈರಸ್. ಕಾಡಿನ ಹೆಸರೇ ಅದಕ್ಕೆ ನಿಂತಿತು.

ಆ ಮಳೆಗಾಲದಿಂದ ಒಂದು ವರ್ಷ ನಾನು ಉಣುಗನ್ನು ಬೇರೆಯದೇ ರೀತಿಯಲ್ಲಿ ನೋಡಿದೆ. ಉಣುಗು ಸಂಗ್ರಹಿಸಲು ಆರೋಗ್ಯ ಇಲಾಖೆಯ ಸಿಬ್ಬಂದಿ ಆಗಾಗ ನಮ್ಮ ಬೆಟ್ಟಕ್ಕೆ ಬರುತ್ತಿದ್ದರು; ದಾರಿ ತೋರಿಸುವ ನೆಪದಲ್ಲಿ, ಗಮ್‌ಬೂಟು ಹಾಕಿಕೊಂಡು, ನಾನೂ ಹೋಗುತ್ತಿದ್ದೆ. ಅವರ ಉಪಕರಣ ಇಷ್ಟೇ: ಕೋಲಿಗೆ ಕಟ್ಟಿದ ಗಜದಗಲದ ಬಿಳಿ ಫ್ಲಾನೆಲ್ ಬಟ್ಟೆ, ಒಂದು ಚಿಮಟ, ಕೆಲವು ಗಾಜಿನ ಕೊಳವೆ. ಬಟ್ಟೆಯನ್ನು ನೆಲದ ಎಲೆಯ ಮೇಲೂ ಗಿಡದ ಬುಡದಲ್ಲೂ ಮೆಲ್ಲಗೆ ಎಳೆದುಕೊಂಡು ಹತ್ತು ಹೆಜ್ಜೆ ನಡೆದು, ತಿರುಗಿಸಿ ನೋಡುತ್ತಾರೆ.

ಜುಲೈನಲ್ಲಿ ಬಟ್ಟೆಗಿಂತ ನಮ್ಮ ಎಮ್ಮೆಯ ಕಿವಿಯಲ್ಲೇ ಹೆಚ್ಚು ಸಿಕ್ಕವು. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಈ ಜಾತಿಯ ಬಲಿತ ಉಣುಗಿಗೆ ಮಳೆಗಾಲವೇ ಕಾಲ, ದೊಡ್ಡ ಪ್ರಾಣಿಯೇ ಊಟ. ದನಕ್ಕೆ ಈ ಕಾಯಿಲೆ ಬಾರದು, ಆದರೆ ದನದ ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನೆಲಕ್ಕೆ ಬಿದ್ದು, ಎಲೆಯ ಕೆಳಗೆ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಆದ್ದರಿಂದ ಬೆಟ್ಟಕ್ಕೆ ಮೇಯಲು ಬಿಟ್ಟ ನಮ್ಮ ದನಗಳೇ ಉಣುಗಿನ ಸಂತಾನವನ್ನು ಸಾಕುತ್ತಿರುತ್ತವೆ ಎಂಬುದನ್ನು ಕೇಳಿದಾಗ, ಹೇಳಬೇಕೆಂದರೆ, ನನಗೆ ಸ್ವಲ್ಪ ಅವಮಾನವಾಯಿತು. ನವೆಂಬರಿನಲ್ಲಿ ಬಟ್ಟೆ ತಿರುಗಿಸಿದರೆ ಯಾರೋ ಕಾಳುಮೆಣಸಿನ ಹುಡಿ ಚೆಲ್ಲಿದಂತಿತ್ತು, ಹುಡಿ ನಡೆಯುತ್ತಿತ್ತು. ಅವು ಆರು ಕಾಲಿನ ಮರಿಗಳು. ಇವು ಕಚ್ಚಿದರೆ ನಮಗೆ ಹೆಚ್ಚಾಗಿ ತುರಿಕೆಯಷ್ಟೇ. ಆದರೆ ಇಲಿ, ಮೂಗಿಲಿ, ಮಂಗಗಳಂಥ ಪ್ರಾಣಿಯ ಮೈಯಲ್ಲಿ ಆಗ ವೈರಸ್ ಇದ್ದರೆ ಮರಿ ತನ್ನ ಮೊದಲ ಊಟದೊಂದಿಗೆ ಅದನ್ನೂ ನುಂಗುತ್ತದೆ, ಕೆಳಗೆ ಬಿದ್ದು ಪೊರೆ ಕಳಚಿ ಎಂಟು ಕಾಲಿನದಾಗಿ ಎದ್ದಾಗಲೂ ವೈರಸ್ ಒಳಗೇ ಉಳಿದಿರುತ್ತದೆ. ಸಿಬ್ಬಂದಿ ಇದನ್ನು ನಿಂಫ್ ಎನ್ನುತ್ತಾರೆ. ಡಿಸೆಂಬರಿನ ಹೊತ್ತಿಗೆ ಎದ್ದ ನಿಂಫ್‌ಗಳು ಮೇ ತಿಂಗಳವರೆಗೂ ಎರಡನೆಯ ಊಟಕ್ಕೆ ಕಾಯುತ್ತಿರುತ್ತವೆ. ನನ್ನ ಮೊಣಕಾಲಿನ ಹಿಂದೆ ಕುಳಿತಿದ್ದದ್ದು ಇಂಥದೇ ಒಂದು.

ಜನವರಿಯ ಒಂದು ಬೆಳಿಗ್ಗೆ ಸಿಬ್ಬಂದಿಯೊಬ್ಬರು ನನ್ನನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಒಣ ಎಲೆಯೊಂದರ ತುದಿಯನ್ನು ತೋರಿಸಿದರು. ಎಳ್ಳಿನಷ್ಟು ದೊಡ್ಡದೂ ಅಲ್ಲದ ನಿಂಫ್ ಹಿಂದಿನ ಕಾಲುಗಳಿಂದ ಎಲೆಯ ಅಂಚನ್ನು ಹಿಡಿದುಕೊಂಡು ಮುಂದಿನ ಎರಡು ಕಾಲುಗಳನ್ನು ಗಾಳಿಯಲ್ಲಿ ಚಾಚಿ ನಿಂತಿತ್ತು. "ಒಂದ್ಸಲ ಉಸಿರು ಬಿಡಿ ಅಮ್ಮಾ" ಎಂದರು. ಬಿಟ್ಟೆ. ಚಾಚಿದ ಕಾಲುಗಳು ಚುರುಕಾಗಿ ಆಡತೊಡಗಿದವು. ಉಸಿರಿನ ಗಾಳಿಯನ್ನೂ ಮೈಯ ಬಿಸಿಯನ್ನೂ ಅದು ಆ ಕಾಲಿನ ತುದಿಯಿಂದಲೇ ಅರಿಯುತ್ತದೆಯಂತೆ. ಅದು ಜಿಗಿಯುವುದಿಲ್ಲ, ಹಾರುವುದಿಲ್ಲ, ಬೆನ್ನಟ್ಟಿ ಬರುವುದಿಲ್ಲ; ಯಾವುದೋ ಮೈ ತಾಗಿ ಹೋಗಲೆಂದು ನಿಂತಿರುತ್ತದೆ, ಅಷ್ಟೇ. ದರಗನ್ನು ತೋಳಿನಲ್ಲಿ ತಬ್ಬಿ ಎದೆಗೆ ಆನಿಸಿಕೊಳ್ಳುವವರಿಗಿಂತ ಸುಲಭದ ಮೈ ಅದಕ್ಕೆ ಇನ್ನೆಲ್ಲಿ ಸಿಗಬೇಕು!

ಮಂಗ ಸತ್ತ ಜಾಗ ಏಕೆ ಅಷ್ಟು ಅಪಾಯದ್ದು ಎಂಬುದೂ ಆಗಲೇ ತಿಳಿದದ್ದು. ಕಾಯಿಲೆ ಬಿದ್ದ ಮಂಗನ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ, ಮೈತುಂಬ ಇರುವ ಉಣುಗುಗಳು ಅದನ್ನು ಹೀರುತ್ತವೆ, ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಎಲ್ಲವೂ ಒಂದೇ ಕಡೆ ನೆಲಕ್ಕಿಳಿಯುತ್ತವೆ. ಹಾಗಾಗಿ ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು. ಸಿಬ್ಬಂದಿ ಮೈಮುಚ್ಚುವ ಉಡುಪಿನಲ್ಲಿ ಬಂದು ಮಾದರಿ ತೆಗೆದು, ದೇಹವನ್ನು ಸುಟ್ಟು, ಸುತ್ತಲ 50 ಅಡಿಯವರೆಗೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಶಿವಮೊಗ್ಗ ಮತ್ತು ಅದರ ಆಸುಪಾಸಿನ ಜಿಲ್ಲೆಗಳಲ್ಲೇ ಇರುವುದೆಂದು ಬಹಳ ಕಾಲ ತಿಳಿದಿದ್ದ ಈ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ, ಅಲ್ಲಿಂದೀಚೆಗೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿದೆ. ಗೇರುಬೀಜಕ್ಕೆ ಹೋದವರಿಗೂ ಸೌದೆಗೆ ಹೋದವರಿಗೂ ಬರುತ್ತಿದೆ.

ಹೀಗಿದ್ದೂ ದರಗು ಬಿಡಲು ನಮಗಾಗಲಿಲ್ಲ. ಒಂದು ವರ್ಷ ಕೊಟ್ಟಿಗೆಗೆ ಭತ್ತದ ಹುಲ್ಲು ಕೊಂಡು ಹಾಸಿ ನೋಡಿದೆವು. ಆ ಖರ್ಚಿನಲ್ಲಿ ಇನ್ನೊಂದು ಹಸುವನ್ನೇ ಕೊಳ್ಳಬಹುದಿತ್ತೆಂದು ಗಂಡ ಲೆಕ್ಕ ತೋರಿಸಿದರು. ಈಗ ಹೋಗುತ್ತೇವೆ, ಹೋಗುವ ರೀತಿಯನ್ನು ಬದಲಿಸಿಕೊಂಡಿದ್ದೇವೆ. ಎಲೆಯನ್ನು ತಬ್ಬುವುದಿಲ್ಲ, ಹಲ್ಲುಗೋಲಿನಿಂದ ಎಳೆದು ಅಡಿಕೆ ಹಾಳೆಯಿಂದ ತುಂಬುತ್ತೇವೆ. ಗಂಡನ ಹಳೆಯ ಪ್ಯಾಂಟನ್ನು ಕಾಲುಚೀಲದೊಳಕ್ಕೆ ಸೇರಿಸಿ ಕಟ್ಟುತ್ತೇನೆ, ಕೈಕಾಲು ಕುತ್ತಿಗೆಗೆ ಈಗ ಕೊಡುವ ಡೇಪಾ ಎಣ್ಣೆಯನ್ನು ಹಚ್ಚಿಕೊಳ್ಳುತ್ತೇನೆ, ಬೆವರು ಇಳಿದರೆ ನಡುವೆ ಮತ್ತೊಮ್ಮೆ ಹಚ್ಚುತ್ತೇನೆ. ಮನೆಗೆ ಬಂದ ಬಟ್ಟೆ ನೇರವಾಗಿ ಕುದಿನೀರಿಗೆ ಹೋಗುತ್ತದೆ. ಸೋಪು ಹಾಕಿ ಬಿಸಿನೀರಿನ ಸ್ನಾನವಾದ ಮೇಲೆ ಮಗಳು ಟಾರ್ಚ್ ಹಿಡಿದು ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಮೊಣಕಾಲಿನ ಮಡಿಕೆಯಲ್ಲಿ ಹುಡುಕುತ್ತಾಳೆ. ಸಿಕ್ಕರೆ ಸುಣ್ಣ, ಸೀಮೆಎಣ್ಣೆ ಹಚ್ಚುವ ಹಳೆಯ ಪದ್ಧತಿಯನ್ನು ಬಿಟ್ಟು, ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರಕ್ಕೆ ಎಳೆಯುತ್ತಾಳೆ, ಆ ದಿನದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾಳೆ. ಗುರುತಿನಿಂದ ಹತ್ತು ದಿನ ಮನೆಯಲ್ಲಿ ಯಾರೂ ಜ್ವರವನ್ನು ಬರೀ ಜ್ವರವೆಂದು ಕರೆಯುವುದಿಲ್ಲ.

ಆಶಾ ಕಾರ್ಯಕರ್ತೆ ಈ ಜನವರಿಯಲ್ಲೂ ರಿಜಿಸ್ಟರ್ ಹಿಡಿದು ಬಂದಿದ್ದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ಎಣ್ಣೆ ಎಷ್ಟು ಇಳಿದಿದೆಯೆಂದು ನೋಡಿ, ಪೆನ್ನಿನ ಮುಚ್ಚಳ ತೆಗೆದು ಕೇಳಿದಳು: "ಹೋದ ವಾರ ಬೆಟ್ಟಕ್ಕೆ ಹೋಗಿದ್ರಾ ಅಕ್ಕಾ?"

"ಮೂರು ದಿನ."

ಅವಳು ತಲೆ ಎತ್ತಲಿಲ್ಲ, ಮೂರು ಎಂದು ಬರೆದುಕೊಂಡಳು. ಆಮೇಲೆ ಚೀಲದಿಂದ ಇನ್ನೊಂದು ಬಾಟಲಿ ತೆಗೆದಿಟ್ಟು, ತಾನೂ ಭಾನುವಾರ ದರಗಿಗೆ ಹೋಗಬೇಕಿದೆ, ನಮ್ಮ ಹಲ್ಲುಗೋಲು ಸಿಗುತ್ತದೆಯೇ ಎಂದು ಕೇಳಿದಳು.